ಮಾಥೇರಾನ್‌ನಲ್ಲಿ ಕುದುರೆ ಸವಾರಿ: ಸವಾರರು, ಪಾದಚಾರಿಗಳು ತಿಳಿದಿರಬೇಕಾದ್ದೇನು?

ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಾಥೇರಾನ್, ಸುಮಾರು 800 ಮೀಟರ್ ಎತ್ತರದ ಗಿರಿಧಾಮ. 2003ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಣೆಯಾದ ಈ ಊರಿಗೆ ಪ್ರವಾಸಿಗರ ಕಾರು, ಬೈಕ್‌ಗಳಿಗೆ ಪ್ರವೇಶವಿಲ್ಲ. ಅವು ದಸ್ತೂರಿ ನಾಕಾದಲ್ಲೇ ನಿಲ್ಲಬೇಕು. ಹಾಗಾಗಿ ಜನರನ್ನಷ್ಟೇ ಅಲ್ಲ, ಸರಕನ್ನೂ ಕುದುರೆಗಳು ಹೊರುತ್ತವೆ. ಪ್ಯಾನೋರಮಾ ಪಾಯಿಂಟ್, ಷಾರ್ಲೆಟ್ ಕೆರೆ ಮುಂತಾದೆಡೆ ಹೋಗುವ ಕೆಂಪು ಮಣ್ಣಿನ ದಾರಿಗಳಲ್ಲಿ ಸವಾರರೂ ಪಾದಚಾರಿಗಳೂ ಒಟ್ಟಿಗೆ ಸಾಗುತ್ತಾರೆ.

ಅಪಾಯ ಎಲ್ಲಿ?

ಕುದುರೆಗೆ ಸುತ್ತಲೂ ಕಂಡರೂ ನೇರ ಹಿಂಬದಿ ಕಾಣುವುದಿಲ್ಲ. ಹಿಂದಿನಿಂದ ಸದ್ದಿಲ್ಲದೆ ಬಂದರೆ ಬೆಚ್ಚಿ ಒದೆಯಬಹುದು, ಓಡಬಹುದು. ಮಣ್ಣಿಗಿಂತ ನುಣುಪಾದ ಗಟ್ಟಿ ನೆಲದಲ್ಲಿ ಲಾಳ ಬೇಗ ಜಾರುತ್ತದೆ. ಇಲ್ಲಿನ ದಾರಿಗೆ ಪೇವರ್ ಹಾಸುವುದನ್ನು ಕುದುರೆ ಮಾಲೀಕರು ವಿರೋಧಿಸಿದ್ದು ಇದೇ ಕಾರಣಕ್ಕೆ.

ಸವಾರರಿಗೆ

* ಹೆಲ್ಮೆಟ್ ಕೇಳಿ ಪಡೆಯಿರಿ. ಹತ್ತುವ ಮೊದಲು ಜೀನಿನ ಪಟ್ಟಿ ಬಿಗಿಯಾಗಿದೆಯೇ ನೋಡಿ.
* ರಿಕಾಪಿನಲ್ಲಿ ಪಾದದ ಮುಂಭಾಗ ಮಾತ್ರ ಇರಲಿ. ಪೂರ್ತಿ ತೂರಿಸಿದರೆ ಬಿದ್ದಾಗ ಕಾಲು ಸಿಕ್ಕಿಕೊಳ್ಳುತ್ತದೆ.
* ಹೊಸಬರು ಓಡಿಸಲು ಹೇಳಬೇಡಿ. ಲಗಾಮು ಹಿಡಿದು ನಡೆಸುವವರು ಜತೆಗಿರಲಿ.
* ಕುಂಟುವ, ಬೆನ್ನಲ್ಲಿ ಗಾಯವಿರುವ ಕುದುರೆ ಬೇಡ.

ಪಾದಚಾರಿಗಳಿಗೆ

* ಕುದುರೆ ಬಂದರೆ ಪಕ್ಕಕ್ಕೆ ಸರಿದು ನಿಲ್ಲಿ. ಆದರೆ ಕಣಿವೆಯ ಅಂಚಿಗೆ ಹೋಗಬೇಡಿ.
* ಹಿಂದಿನಿಂದ ದಾಟುವಾಗ ದೂರದಿಂದಲೇ ಮಾತನಾಡಿಸಿ.
* ಮಕ್ಕಳ ಕೈ ಹಿಡಿದಿರಿ. ಕೊಡೆಯನ್ನು ಥಟ್ಟನೆ ಬಿಚ್ಚಬೇಡಿ.