ನುರಿಸಿದವರು ಮತ್ತು ನುರಿತವರು

“ಈ ಹಂಗಾಮಿನ್ಯಾಗ ನಾ ನಾಕ ಲಕ್ಷ ಟನ್ ನುರಿಸೇನಿ ನೋಡ್ರಿ!”

ಉಗಾರ ಖುರ್ದ ಸ್ಟೇಶನ್ನಿಗೆ ನೆಂಟರನ್ನು ಮೀರಜ ಗಾಡಿ ಹತ್ತಿಸಲು ಹೋದಾಗ ಪಕ್ಕದ ಬಾಕಿನಿಂದ ಕಿವಿಗೆ ಬಿದ್ದ ಮಾತಿದು. ಆಡಿದವರು ಯಾವುದೋ ಸಕ್ಕರೆ ಕಾರ್ಖಾನೆಯ ದೊಡ್ಡ ಹುದ್ದೆಯವರು. ಯಾವ ಕಾರ್ಖಾನೆ ಎಂಬುದು ಇಲ್ಲಿ ಬೇಡ. ನನ್ನ ತಕರಾರು ಆ ಮನುಷ್ಯನ ಮೇಲಲ್ಲ, ಅವರು ಹಿಡಿದ ಕ್ರಿಯಾಪದದ ಮೇಲೆ. ನಾಲ್ಕು ಲಕ್ಷ ಟನ್ ಕಬ್ಬು, ಅದನ್ನು ನುರಿಸಿದವನು ‘ನಾ’ ಒಬ್ಬ. ಕಡಿದವರು, ಹೊತ್ತವರು, ಟ್ರ್ಯಾಕ್ಟರ್ ಹೊಡೆದವರು, ಕಾಟಾದ ಮೇಲೆ ರಾತ್ರಿಯಿಡೀ ಚೀಟಿ ಬರೆದವರು ಎಲ್ಲರೂ ಆ ಒಂದಕ್ಷರದ ಹೊಟ್ಟೆಯೊಳಗೆ ಹೋಗಿಬಿಟ್ಟರು.

‘ನುರಿಸು’ ನಮ್ಮ ಕಡೆಯ ದಿನಬಳಕೆಯ ಮಾತು. ದೀಪಾವಳಿ ಹತ್ತಿರ ಬಂತೆಂದರೆ ಬೆಳಗಾವಿ, ಬಾಗಲಕೋಟೆ ಸುದ್ದಿಯ ಪುಟಗಳಲ್ಲಿ ‘ಕಬ್ಬು ನುರಿಸುವ ಹಂಗಾಮು’ ಎಂಬ ತಲೆಬರಹ ಕಾಣಲೇಬೇಕು. ಮಂಡ್ಯದವರು ‘ಅರೆಯುವುದು’ ಎನ್ನುತ್ತಾರೆ, ಅನ್ನಲಿ. ಅರೆಯುವುದಕ್ಕೆ ಒಂದು ಕಲ್ಲು, ಒಂದು ಕೈ ಸಾಕು. ನುರಿಸುವುದಕ್ಕೆ ಸಾಲದು. ನಮ್ಮ ಮಾತಿನಲ್ಲಿ ಇನ್ನೂ ಒಂದು ಸಂಪತ್ತಿದೆ. ‘ನುರಿ’ ಎಂದರೆ ಪುಡಿಯಾಗು, ಜಜ್ಜಿಹೋಗು. ಅದೇ ‘ನುರಿ’ ಎಂದರೆ ಕೆಲಸದಲ್ಲಿ ಪಳಗು, ಪರಿಣತನಾಗು. ನುರಿತ ಬಡಿಗ, ನುರಿತ ಡ್ರೈವರ್, ನುರಿತ ಸೂಲಗಿತ್ತಿ. ಜಜ್ಜಿಹೋದವನೇ ಜಾಣ ಎಂದು ಕನ್ನಡ ಎಂದೋ ತೀರ್ಮಾನಿಸಿಬಿಟ್ಟಿದೆ.

ಜಾಣತನದ ಅರ್ಥ ಈ ಮಾತಿಗೆ ಹೊಲದ ಹೆಂಟೆಯಿಂದ ಬಂತು, ಹದವಾಗಿ ಪುಡಿಯಾದ ಮಣ್ಣೇ ನುರಿತ ಮಣ್ಣು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದು ಹುಟ್ಟಿದ್ದು ಗಾಣದ ಮನೆಯಲ್ಲಿ ಎಂಬುದು ನನ್ನ ಗಟ್ಟಿ ನಂಬಿಕೆ. ಹೆಂಟೆ ಪುಡಿಯಾದರೆ ಸಿಗುವುದು ಮಣ್ಣೇ, ಜೋಳ ಒಡೆದರೆ ಸಿಗುವುದು ನುಚ್ಚೇ. ಕಬ್ಬು ನುರಿದಾಗ ಮಾತ್ರ ಹೊರಗೆ ಕಾಣದಿದ್ದ ಒಂದು ವಸ್ತು, ರಸ, ಹೊರಬರುತ್ತದೆ. ಪರಿಣತಿಗೆ ಇದಕ್ಕಿಂತ ಹತ್ತಿರದ ಮೂಲ ಇನ್ನೆಲ್ಲಿ ಹುಡುಕುವುದು? ಕಬ್ಬು ಒಂದೇ ಸಲಕ್ಕೆ ಪೂರ್ತಿ ನುರಿಯುವುದೂ ಇಲ್ಲ. ಗಾಣದಲ್ಲಿ ಒಮ್ಮೆ ಹಿಂಡಿದ ಸಿಪ್ಪೆಯನ್ನು ಮತ್ತೆ ಕೊಡುತ್ತಿದ್ದರು. ಕಾರ್ಖಾನೆಯಲ್ಲಿ ಮೂರು ಮೂರು ರೋಲರುಗಳ ನಾಲ್ಕೈದು ಮಿಲ್ಲು ಸಾಲಾಗಿ ನಿಂತಿರುತ್ತವೆ. ಮುಂದಿನ ಮಿಲ್ಲಿಗೆ ಹೋಗುವ ಸಿಪ್ಪೆಯ ಮೇಲೆ ನೀರು ಚಿಮುಕಿಸಿ ಉಳಿದ ಸಿಹಿಯನ್ನೂ ತೊಳೆದು ತೆಗೆಯುತ್ತಾರೆ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ‘ನುಚ್ಚುನೂರಾಯಿತು’ ಎಂಬಲ್ಲಿಯ ನೂರು ಎಣಿಕೆಯ ನೂರಲ್ಲ, ಇದೇ ನುರಿಯ ಅಣ್ಣ. ತೆಲುಗಿನವರು ಇವತ್ತಿಗೂ ರುಬ್ಬುವುದಕ್ಕೆ ‘ನೂರು’ ಎನ್ನುತ್ತಾರೆ.

ಹಾಗಾದರೆ ವ್ಯಾಕರಣ ಏನು ಹೇಳುತ್ತದೆ? ‘ನುರಿ’ ತನಗೇ ಆಗುವ ಕ್ರಿಯೆ, ‘ನುರಿಸು’ ಇನ್ನೊಬ್ಬರಿಗೆ ಮಾಡುವ ಕ್ರಿಯೆ. ನಮ್ಮ ಮುಂದಾಳುಗಳಿಗೆ ಎರಡನೆಯದು ಮಾತ್ರ ಬೇಕಾಗಿದೆ. ‘ಟೀಮ್ ಹ್ಯಾಂಡಲ್ ಮಾಡ್ತೀನಿ’, ‘ಹುಡುಗರ ಕಡಿಂದ ಕೆಲಸಾ ತಗಸ್ತೀನಿ’ ಎಂಬ ಮಾತು ಈಗ ಎಲ್ಲ ಆಫೀಸುಗಳಲ್ಲಿ ಕೇಳುತ್ತದೆ. ಕೆಲಸ ಮಾಡುವುದು ಹೋಗಿ ಕೆಲಸ ತೆಗೆಸುವುದು ಬಂತು. ಫ್ಲೆಕ್ಸುಗಳನ್ನು ಓದಿ ನೋಡಿ. ಚೇರ್ಮನ್ನರ ಹುಟ್ಟುಹಬ್ಬಕ್ಕೆ ‘ಧೀಮಂತ’, ‘ಕನಸುಗಾರ’, ‘ದೂರದೃಷ್ಟಿಯ ನಾಯಕ’ ಎಂದೆಲ್ಲ ಇರುತ್ತದೆ. ‘ನುರಿತ ಚೇರ್ಮನ್’ ಎಂದು ಬರೆಸಿದ್ದನ್ನು ನಾನು ಕಂಡಿಲ್ಲ. ಆ ಮಾತನ್ನು ಕೂಲಿಯವರಿಗೆ, ‘ನುರಿತ ಕೆಲಸಗಾರರು ಬೇಕಾಗಿದ್ದಾರೆ’ ಎಂಬ ಜಾಹೀರಾತಿಗೆ ಬಿಟ್ಟುಕೊಟ್ಟಿದ್ದೇವೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಎಲ್ಲರ ಕೆಲಸವನ್ನು ನುಂಗುವ ಈ ‘ನಾ’ ಕೇಳಿದಾಗ ನನಗೆ ಒಂದು ಗಾದೆ ನೆನಪಾಗುತ್ತದೆ. ‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ.’ ಶಾಲೆಯಲ್ಲಿ ಇದನ್ನು ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿ ಮುಂದಿನ ಗಾದೆಗೆ ಹೋಗುತ್ತಾರೆ. ಇಷ್ಟು ಅವಸರದ ಗಾದೆಯಲ್ಲ ಇದು. ಮೊದಲನೆಯ ಅರ್ಥ ಸರಳ: ಹತ್ತು ಮಂದಿ ಒಂದೊಂದು ಕಡ್ಡಿ ಕೊಟ್ಟರೆ ಇಲ್ಲದವನಿಗೆ ಒಂದು ಹೊರೆ ಮೇವಾಗುತ್ತದೆ, ಕೊಟ್ಟವರಿಗೂ ಭಾರವಿಲ್ಲ. ನಮ್ಮ ಆಯಿ ಇದನ್ನು ತಿರುಗಿಸಿ ಹೇಳುತ್ತಿದ್ದಳು. ಮನೆಯಲ್ಲಿ ಹತ್ತು ಮಂದಿ ತಂತಮ್ಮ ಒಂದೊಂದು ಕಡ್ಡಿಯಷ್ಟು ಕೆಲಸ ಬಿಟ್ಟು ಎದ್ದರೆ, ಉಳಿದ ಒಬ್ಬಳ ತಲೆಯ ಮೇಲೆ ಅದು ಹೊರೆಯಾಗಿ ಕೂಡುತ್ತದೆ. ಊಟವಾದ ತಾಟು ಎತ್ತದೆ ಹೋದವರಿಗೆ ಈ ಗಾದೆ ತಪ್ಪದೇ ಬೀಳುತ್ತಿತ್ತು. ಮೂರನೆಯ ಅರ್ಥ ಈ ಕಾಲದ್ದು: ಹತ್ತು ಜನರ ಕಡ್ಡಿಗಳನ್ನು ಒಟ್ಟುಗೂಡಿಸಿ ಕಟ್ಟಿ, ‘ಇದು ನನ್ನ ಹೊರೆ’ ಎಂದು ಮೈಕಿನ ಮುಂದೆ ಹೇಳುವವನೂ ಆ ‘ಒಬ್ಬ’ನೇ.

ಗಾದೆಯಲ್ಲಿ ಹೇಳದೆ ಬಿಟ್ಟ ಸಂಗತಿಯನ್ನು ತಲೆಹೊರೆ ಹೊತ್ತವರು ಮಾತ್ರ ಬಲ್ಲರು. ಹೊರೆಯನ್ನು ತಾನೇ ತನ್ನ ತಲೆಯ ಮೇಲೆ ಇಟ್ಟುಕೊಳ್ಳಲು ಬರುವುದಿಲ್ಲ. ಕೃಷ್ಣಾ ದಂಡೆಯ ನಮ್ಮ ತೋಟದಲ್ಲಿ ಆಯಿ ಹಸಿ ಮೇವು ಕೊಯ್ದು, ಹಗ್ಗ ಬಿಗಿದು, ಸೆರಗಿನ ತುದಿಯಿಂದ ಸಿಂಬಿ ಸುತ್ತಿ ತಲೆಗಿಟ್ಟುಕೊಂಡು ಬದುವಿನ ಮೇಲೆ ನಿಲ್ಲುತ್ತಿದ್ದಳು. ದಾರಿಯಲ್ಲಿ ಹೋಗುವವರು ಯಾರೇ ಇರಲಿ, “ಯಪ್ಪಾ, ಒಂಚೂರ ಹೊರಿ ಎತ್ತಸಪಾ” ಎನ್ನುವಳು. ಗೌಡರ ಮಗ ಬಂದರೆ ಗೌಡರ ಮಗ, ಕುರಿ ಕಾಯುವ ಹುಡುಗ ಬಂದರೆ ಅವನು. ಎದುರಾಬದುರು ನಿಂತು, ಇಬ್ಬರೂ ಮೊಣಕಾಲು ಬಗ್ಗಿಸಿ, ಒಂದೇ ಉಸಿರಿಗೆ ಎತ್ತಬೇಕು. ಒಬ್ಬ ಮೊದಲೆತ್ತಿದರೆ ಹೊರೆ ವಾಲುತ್ತದೆ. ಮನೆಯವರೆಗೆ ಹೊತ್ತವಳು ಅವಳೇ ನಿಜ. ಆದರೆ ಎತ್ತಿಸಿದವರ ಹೆಸರು ಮೊದಲು ಹೇಳಿ ಆಮೇಲೆ ಹೊರೆ ಇಳಿಸುತ್ತಿದ್ದಳು. “ಇವತ್ತ ಇಂಥವ್ರು ಹೊರಿ ಎತ್ತಿಸಿದ್ರು ನೋಡು.” ಮುಂದಾಳುತನದ ಬಗ್ಗೆ ನಾನು ಆಮೇಲೆ ಕೇಳಿದ ಯಾವ ಭಾಷಣವೂ ಇದಕ್ಕಿಂತ ಹೆಚ್ಚು ಕಲಿಸಿಲ್ಲ.

ಕಬ್ಬಿನ ಗ್ಯಾಂಗುಗಳಲ್ಲಿಯೂ ಲೆಕ್ಕ ಹೀಗೆಯೇ. ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಯಿಂದ ಕಡಿಯಲು ಬರುವವರನ್ನು ಒಬ್ಬೊಬ್ಬರಂತೆ ಎಣಿಸುವುದಿಲ್ಲ, ‘ಕೊಯ್ತಾ’ದಂತೆ ಎಣಿಸುತ್ತಾರೆ. ಒಂದು ಕೊಯ್ತಾ ಎಂದರೆ ಗಂಡ ಹೆಂಡತಿಯ ಜೋಡಿ. ಒಬ್ಬರು ಕಡಿದರೆ ಇನ್ನೊಬ್ಬರು ಸವರಿ ಹೊರೆ ಕಟ್ಟಬೇಕು. ಆ ಲೆಕ್ಕದ ಹಿಂದೆ ಮುಂಗಡ ಸಾಲದ ಕಷ್ಟವಿದೆ, ಅದನ್ನು ಮುಚ್ಚಿಟ್ಟು ಹೊಗಳಲಾರೆ. ಆದರೂ ಒಬ್ಬನೇ ಒಂದು ಪೂರ್ತಿ ಲೆಕ್ಕವಲ್ಲ ಎಂಬ ತಿಳಿವಳಿಕೆ ಆ ಮಾತಿನೊಳಗಿದೆ.

ಕಾರ್ಖಾನೆಯ ಒಳಗೆ ಹೋಗಿ ನೋಡಿದವರಿಗೆ ‘ನಾ ನುರಿಸೇನಿ’ ಎಂಬ ಮಾತು ನಾಲಿಗೆಗೆ ಬರಬಾರದು. ಮಿಲ್ಲಿನಿಂದ ಹೊರಬಿದ್ದ ಸಿಪ್ಪೆಯೇ ಬಾಯ್ಲರಿನ ಉರುವಲು. ಬಾಯ್ಲರಿನ ಉಗಿಯಿಂದಲೇ ಮಿಲ್ಲಿಗೆ ಶಕ್ತಿ. ನುರಿಯದಿದ್ದರೆ ಉಗಿಯಿಲ್ಲ, ಉಗಿಯಿಲ್ಲದಿದ್ದರೆ ನುರಿಯುವುದಿಲ್ಲ. ಇಲ್ಲಿ ಯಾರು ಯಾರಿಗೆ ಯಜಮಾನ? ಕಡಿದ ಕಬ್ಬು ಬಿಸಿಲಿಗೆ ಬಿದ್ದಷ್ಟು ಹೊತ್ತು ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಒಂದು ಬೇರಿಂಗ್ ಸುಟ್ಟರೆ ಹೊಲದ ಬದುವಿನವರೆಗೂ ಎಲ್ಲರೂ ನಿಂತುಬಿಡುತ್ತಾರೆ. ಪ್ಯಾನ್ ಸ್ಟೇಶನ್ನಿನಲ್ಲಿ ಒಬ್ಬ ಹಿರಿಯ ಕೆಲಸಗಾರ ಕುದಿಯುವ ಪಾಕದ ಒಂದು ಹನಿಯನ್ನು ಗಾಜಿನ ಚೂರಿನ ಮೇಲೆ ತೆಗೆದು, ದೀಪಕ್ಕೆ ಹಿಡಿದು, ಹೆಬ್ಬೆರಳಿನಿಂದ ಸವರಿ ಹರಳು ಕಟ್ಟಿದ್ದನ್ನು ನೋಡುವುದನ್ನು ನಾನು ಕಂಡಿದ್ದೇನೆ. ನೀರು ಬೇಕೋ, ಇನ್ನಷ್ಟು ರಸ ಬೇಕೋ ಎಂದು ಅವನು ಹೇಳಿದ ಮೇಲೆ ಇಂಜಿನಿಯರರೂ ಸುಮ್ಮನೆ ತಲೆಯಾಡಿಸಿದರು. ನುರಿತವರು ಎಂದರೆ ಇವರು. ಅಂಥವರ ಮಾತಿಗೆ ತಲೆಯಾಡಿಸಲು ಕಲಿತವರು ಮುಂದಾಳುಗಳಾಗಲು ತಕ್ಕವರು.

ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಉದ್ಯಮಿಯೊಬ್ಬರನ್ನು ಇಲ್ಲಿ ನೆನೆಯಬೇಕು. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಅಣ್ಣ ರಾಮಣ್ಣನ ಜೊತೆ ಸೈಕಲ್ ಅಂಗಡಿ ನಡೆಸಿದರು. ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೆಂದು ರೈತರು ಮೊದಮೊದಲು ಕೊಳ್ಳಲಿಲ್ಲ. ಕಿರ್ಲೋಸ್ಕರರು ತಾಳಿಕೊಂಡರು. ಬೆಳಗಾವಿಯಲ್ಲಿ ಜಾಗ ಹೋದಾಗ ಔಂಧ ಸಂಸ್ಥಾನದ ರಾಜರು ನೆಲ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಉಗಾರದಿಂದ ಗಾಡಿ ಹತ್ತಿ ಮೀರಜ ದಾಟಿ ಪುಣೆ ಹಾದಿ ಹಿಡಿದರೆ ಇವತ್ತಿಗೂ ಆ ಸ್ಟೇಶನ್ ಸಿಗುತ್ತದೆ. ಅಷ್ಟೆಲ್ಲ ನುರಿದ ಮನುಷ್ಯ ಕಂಪನಿಗೆ ತನ್ನೊಬ್ಬನ ಹೆಸರಿಡಲಿಲ್ಲ, ‘ಬ್ರದರ್ಸ್’ ಎಂದರು. ಆಗಿನ ಬೋರ್ಡುಗಳಲ್ಲಿ ‘ಬ್ರದರ್ಸ್’, ‘ಮಂಡಳಿ’, ‘ಆ್ಯಂಡ್ ಸನ್ಸ್’ ಇರುತ್ತಿದ್ದವು. ಈಗ ‘ಗ್ರೂಪ್’ ಎಂದು ಬರೆದು ಒಂದೇ ಮುಖದ ಫೋಟೋ ಹಾಕುತ್ತಾರೆ.

ಹೆಸರಿನ ಮಾತಿಗೆ ನಮ್ಮೂರನ್ನೇ ನೋಡಿ: ಉಗಾರಗಳೆರಡರಲ್ಲಿ ನಮ್ಮದು ಬುದ್ರುಕ, ಅಂದರೆ ಹಿರಿದು. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ಇರುವುದು ಖುರ್ದದಲ್ಲಿ, ಅಂದರೆ ಕಿರಿದರಲ್ಲಿ. ರೈಲ್ವೆ ಸ್ಟೇಶನ್ನೂ ಅಲ್ಲಿಯೇ. ಹಿರಿಯ ಊರಿನ ಕಬ್ಬು ಕಿರಿಯ ಊರಿಗೆ ಹೋಗಿ ಸಕ್ಕರೆಯಾಗುತ್ತದೆ, ಅದರಿಂದ ಎರಡೂ ಊರು ಉಣ್ಣುತ್ತವೆ. ಹೆಸರಿನ ಹಿರಿತನ ಹಿಡಿದುಕೊಂಡು ನಮ್ಮ ಹಿರಿಯರು ಗಾಡಿ ತಿರುಗಿಸಿದ್ದರೆ ಕಬ್ಬು ಬದುವಿನಲ್ಲೇ ಒಣಗುತ್ತಿತ್ತು.

ಹಳೆಯ ರೈತರ ವಾಕ್ಯವೊಂದು ನನಗೆ ಬಲು ಇಷ್ಟ: “ಈ ಸಲ ಛಲೋ ನುರೀತ್ರಿ.” ಕರ್ತೃವೇ ಇಲ್ಲದ ವಾಕ್ಯ. ಎಲ್ಲರೂ ಇರುವುದರಿಂದ ಯಾರ ಹೆಸರೂ ಬೇಕಾಗಿಲ್ಲ. ಹಂಗಾಮು ಮುಗಿದ ದಿನ ಮೈಕು ಹಿಡಿಯುವವರು ಈ ವಾಕ್ಯವನ್ನು ರೂಢಿ ಮಾಡಿಕೊಂಡರೆ ಕನ್ನಡವೂ ಉಳಿಯುತ್ತದೆ, ಕಾರ್ಖಾನೆಯೂ ಉಳಿಯುತ್ತದೆ. ಹೊಸ ಮ್ಯಾನೇಜರನನ್ನೋ ಚೇರ್ಮನ್ನರನ್ನೋ ಆರಿಸುವಾಗ ಎಷ್ಟು ನುರಿಸಿದ್ದೀರಿ ಎಂದು ಕೇಳುವುದನ್ನು ಬಿಡೋಣ. ಎಲ್ಲಿ, ಯಾರ ಜೊತೆ, ಎಷ್ಟು ವರ್ಷ ನುರಿದಿದ್ದೀರಿ ಎಂದು ಕೇಳೋಣ.