ಗಂಡು ಬಾತಿಗೆ ಗ್ರಹಣ ಹಿಡಿದಾಗ

ತಲೆ ಹಸಿರಾಗಿ ಮಿರಮಿರ ಮಿಂಚುತ್ತಿದ್ದ ಗಂಡು ಬಾತು ಕೆಲವೇ ವಾರಗಳಲ್ಲಿ ಬಣ್ಣ ಕಳೆದುಕೊಂಡು ಹೆಣ್ಣಿನ ಹಾಗೆ ಕಂದಾಗುತ್ತದೆ. ಬಾಲದ ಮೇಲಿನ ಸುರುಳಿ ಪುಕ್ಕವೂ ಉದುರುತ್ತದೆ. ಹೊಸದಾಗಿ ಸಾಕಿದವರಿಗೆ ರೋಗ ಬಂತೇನೋ ಅನ್ನಿಸಿ, ಬಂದ ಬೆಲೆಗೆ ಮಾರಿಬಿಡೋಣ ಅನ್ನುವ ಯೋಚನೆಯೂ ಬರುತ್ತದೆ. ರೋಗವಲ್ಲ, ಹಳೇ ಪುಕ್ಕ ಹೋಗಿ ಹೊಸದು ಬರುವ ಕಾಲ ಅದು. ಇದಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ‘ಎಕ್ಲಿಪ್ಸ್’, ಅಂದರೆ ಗ್ರಹಣ. ಆದರೆ ಹೆಸರು ಬರುವುದಕ್ಕೆ ಎಷ್ಟೋ ಮೊದಲೇ ಈ ವಾರಗಳ ಲಾಭ ಪಡೆದವರಿದ್ದರು.

ಮಸ್ಕೋವಿ ತಳಿ ಬಿಟ್ಟರೆ ನಾವು ಸಾಕುವ ಬಾತುಗಳೆಲ್ಲ ಮಲ್ಲಾರ್ಡ್ ಎಂಬ ಕಾಡು ಬಾತಿನ ಸಂತತಿ. ನಾಟಿ ಕೋಳಿ ಪುಕ್ಕವನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತದೆ. ಮಲ್ಲಾರ್ಡ್ ಹಾಗಲ್ಲ, ಹಾರುವ ರೆಕ್ಕೆಪುಕ್ಕಗಳನ್ನೆಲ್ಲ ಒಟ್ಟಿಗೇ ಕಳಚಿಬಿಡುತ್ತದೆ. ಮೂರು ನಾಲ್ಕು ವಾರ ಹಾರಲಾಗುವುದಿಲ್ಲ. ಆಗ ಜೊಂಡಿನಲ್ಲಿ ಅಡಗಿ ಕೂರಲು ಕಂದು ಬಣ್ಣವೇ ಅನುಕೂಲ.

ಇಂಗ್ಲೆಂಡಿನ ಲಿಂಕನ್‌ಶೈರ್ ಕಡೆಯ ಜೌಗು ನೆಲದ ಜನಕ್ಕೆ ಇದು ಚೆನ್ನಾಗಿ ಗೊತ್ತಿತ್ತು. ಬೇಸಿಗೆಯಲ್ಲಿ ದೋಣಿ ಇಳಿಸಿ, ಹಾರಲಾರದ ಹಕ್ಕಿಗಳನ್ನು ಕುರಿ ಅಟ್ಟಿದ ಹಾಗೆ ಬಲೆಯ ಕಡೆ ಅಟ್ಟುತ್ತಿದ್ದರು. ಒಂದೇ ಅಟ್ಟುವಿಕೆಯಲ್ಲಿ 150 ಡಜನ್ ಸಿಕ್ಕಿದ್ದೂ ಉಂಟು ಎಂದು 18ನೇ ಶತಮಾನದ ಥಾಮಸ್ ಪೆನ್ನಂಟ್ ಬರೆದಿದ್ದಾನೆ. ಅಂದರೆ 1,800 ಹಕ್ಕಿ!

ಎಂಟನೇ ಹೆನ್ರಿಯ ಕಾಲದಲ್ಲಿ, 1534ರಲ್ಲಿ, ಇದಕ್ಕೆ ಕಾಯಿದೆ ಬಂತು. ಮೇ 31ರಿಂದ ಆಗಸ್ಟ್ 31ರವರೆಗೆ ಬಲೆ ಹಾಕಿ ಕಾಡು ಬಾತು ಹಿಡಿಯುವಂತಿಲ್ಲ. ಹಕ್ಕಿಯ ಮೇಲಿನ ಕರುಣೆಯಿಂದ ಮಾಡಿದ್ದೇನೂ ಅಲ್ಲ. ಅರಮನೆಗೆ, ಸಿರಿವಂತರ ಮನೆಗೆ, ಪೇಟೆಗೆ ಹಕ್ಕಿ ಸಾಲದೆ ಹೋಗಿತ್ತು. ಜೌಗಿನ ಬಡವರಿಗೆ ಮಾತ್ರ ಅದೇ ಬದುಕು. 1550ರಲ್ಲಿ ಕಾಯಿದೆ ರದ್ದಾಯಿತು. 1710ರ ಸುಮಾರಿಗೆ ಮತ್ತೆ ನಿಷೇಧ ಬಂತು. ಇದರಲ್ಲಿ ಯಾರ ಪರ ನಿಲ್ಲಬೇಕು ಅಂತ ನನಗಿನ್ನೂ ಸ್ಪಷ್ಟವಿಲ್ಲ.

ಹಿಡಿಯುವುದು ಬಿಟ್ಟು ಕೂತು ನೋಡಿದವನು ಚಾರ್ಲ್ಸ್ ವಾಟರ್ಟನ್. ಯಾರ್ಕ್‌ಶೈರಿನ ಜಮೀನ್ದಾರ. ತನ್ನ ಜಮೀನಿನ ಸುತ್ತ ಸುಮಾರು ಮೂರು ಮೈಲಿ ಕಲ್ಲಿನ ಗೋಡೆ ಕಟ್ಟಿಸಿ, ಒಳಗೆ ಹಕ್ಕಿಗಳಿಗೆ ಗುಂಡು ಹಾರಿಸಬಾರದೆಂದು ಕಟ್ಟಳೆ ಮಾಡಿದ. 1826ರಲ್ಲಿ ಗೋಡೆ ಮುಗಿಯಿತು. ಅಲ್ಲಿ ಗಂಡು ಬಾತುಗಳನ್ನು ದಿನದಿನವೂ ನೋಡಿ ತಾರೀಖು ಹಾಕಿ ಬರೆದಿಟ್ಟ. ಮೇ 24ರ ಹೊತ್ತಿಗೆ ಎದೆ, ಬೆನ್ನಿನ ಬಣ್ಣ ಬದಲು. ಜೂನ್ 23ಕ್ಕೆ ತಲೆಯಲ್ಲಿ ಹಸಿರು ಪುಕ್ಕ ಹುಡುಕಬೇಕು. ಜುಲೈ 6ಕ್ಕೆ ಹಳೇ ವೈಭವ ಪೂರಾ ಮಾಯ. ಅಕ್ಟೋಬರದಲ್ಲಿ ಮತ್ತೆ ಮದುವಣಿಗ! ಗ್ರಹಣ ಎಂಬ ಹೋಲಿಕೆ ಕೊಟ್ಟವನೂ ಇವನೇ. ಹೆಸರು ಅಲ್ಲಿಂದ ಹೀಗೇ ನಿಂತಿತು.

ಅಚ್ಚರಿಯ ಮಾತು ಬಂದದ್ದು ಆಮೇಲೆ, 20ನೇ ಶತಮಾನದ ಮೊದಲಲ್ಲಿ. ಅಮೆರಿಕದ ಎಚ್. ಡಿ. ಗುಡೇಲ್ ರೂಆನ್ ಎಂಬ ಸಾಕು ತಳಿಯ ಗಂಡು ಬಾತುಗಳ ಬೀಜ ತೆಗೆದು ನೋಡಿದ. ಎತ್ತಿನ ಬೀಜ ಒಡೆಸಿದರೆ ಗೂಳಿಯ ಗತ್ತು ಹೋಗುತ್ತದೆ. ಬಾತಿಗೂ ಬಣ್ಣ ಹೋಗಬೇಕು ಅಂತ ತಾನೇ ಅಂದುಕೊಳ್ಳುತ್ತೇವೆ? ಆದದ್ದು ತಿರುವುಮುರುವು. ಹಸಿರು ತಲೆ ಹಾಗೇ ಉಳಿಯಿತು, ಗ್ರಹಣವೇ ಹಿಡಿಯಲಿಲ್ಲ. ಅಂಡಾಶಯ ತೆಗೆದ ಹೆಣ್ಣಿಗೆ ಗಂಡಿನ ಬಣ್ಣ ಬಂತು! ಅಂದರೆ ಮಿಂಚುವ ಅಂಗಿಯೇ ಬಾತಿನ ಮೂಲ ಅಂಗಿ. ಕಂದು ಬಣ್ಣ ತೊಡಿಸುವುದೇ ಒಳಗಿನ ಹಾರ್ಮೋನುಗಳ ಕೆಲಸ.

ಬಿಳಿ ಪೆಕಿನ್ ಸಾಕಿದವರಿಗೆ ಬಣ್ಣದ ಆಟ ಕಾಣುವುದಿಲ್ಲ, ಗೂಡಿನ ತುಂಬ ಪುಕ್ಕ ಕಾಣುತ್ತದೆ. ಹೆಣ್ಣು ಪುಕ್ಕ ಉದುರಿಸುವಾಗ ಮೊಟ್ಟೆ ಕಡಿಮೆಯಾಗುತ್ತದೆ, ಇಲ್ಲವೇ ನಿಲ್ಲುತ್ತದೆ. ಆ ದಿನಗಳಲ್ಲಿ ರೆಕ್ಕೆ ಹಿಡಿದು ಎತ್ತಬೇಡಿ. ಎಳೇ ಪುಕ್ಕದ ಕೊಳವೆಯಲ್ಲಿ ರಕ್ತ ತುಂಬಿರುತ್ತದೆ, ಮುರಿದರೆ ಸುರಿಯುತ್ತದೆ.