ಗಂಜೀಫಾ ಎಲೆಯ ಮಾದರಿಯಲ್ಲಿ ವೀಣೆ: ಕಂಪ್ಯೂಟರಿನಲ್ಲಿ ಬರೆಯುವ ಕ್ರಮ



ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಗೆ, ಬ್ಯಾನರಿಗೆ ಎಲ್ಲಿಂದಲೋ ಇಳಿಸಿಕೊಂಡ ವೀಣೆಯ ಚಿತ್ರ ಹಾಕುವುದು ಗಡಿ ಊರುಗಳಲ್ಲೆಲ್ಲ ವಾಡಿಕೆಯಾಗಿದೆ. ಎಷ್ಟೋ ಸಲ ಅದು ವೀಣೆಯೇ ಅಲ್ಲ, ಸಿತಾರ್ ಆಗಿರುತ್ತದೆ. ಟ್ಯಾಬ್ಲೆಟ್ ಹಿಡಿದು ಕೂರುವ ನಮ್ಮ ಮಕ್ಕಳೇ ಇದನ್ನು ಸರಿಯಾಗಿ ಬರೆಯಬಲ್ಲರು. ಅವರಿಗೆ ಒಳ್ಳೆಯ ಮಾದರಿ ಗಂಜೀಫಾ ಕಲೆ.

ಗಂಜೀಫಾ ಎಂದರೇನು

ಕೈಯಿಂದ ಬಣ್ಣ ಬರೆದ ಆಟದ ಎಲೆಗಳೇ ಗಂಜೀಫಾ, ಹೆಚ್ಚಿನವು ದುಂಡಗಿನವು. 1527ರಲ್ಲಿ ಬಾಬರ್ ಸಿಂಧ್‌ನ ಷಾ ಹಸನನಿಗೆ ಗಂಜೀಫಾ ಕಳುಹಿಸಿದ ಸಂಗತಿ ಬಾಬರನಾಮಾದಲ್ಲಿದೆ. ಮೊಗಲರ ಕಟ್ಟಿನಲ್ಲಿ 8 ಪಂಗಡ, ಪಂಗಡಕ್ಕೆ 12ರಂತೆ 96 ಎಲೆಗಳು: ರಾಜ, ಮಂತ್ರಿ, ಮತ್ತು 1ರಿಂದ 10ರವರೆಗಿನ ಅಂಕಿಯ ಎಲೆಗಳು. ಈ 8ರಲ್ಲಿ ಒಂದು ಪಂಗಡದ ಹೆಸರು 'ಚಂಗ್'. ಅದು ಪರ್ಷಿಯಾದ ಒಂದು ತಂತಿವಾದ್ಯ, ಹಾರ್ಪ್ ಜಾತಿಯದು. ಆಟದ ಎಲೆಯ ಮೇಲೆ ವಾದ್ಯ ಬರೆಯುವುದು ಹೀಗೆ ಹಳೆಯ ಪದ್ಧತಿಯೇ. ದಶಾವತಾರದ ಕಟ್ಟಿನಲ್ಲಿ 10 ಪಂಗಡ, 120 ಎಲೆ.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಆಟಕ್ಕೆ ಹೊಸ ಹೊಸ ಕಟ್ಟುಗಳನ್ನು ರೂಪಿಸಿದರು. ಅವುಗಳಿಗೆ 'ಛದ' ಎಂದು ಹೆಸರು. ಚಾಮುಂಡೇಶ್ವರಿ ಛದದಲ್ಲಿ 320 ಎಲೆಗಳಿವೆ. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಗಡಿಯಾಚೆ ಮಹಾರಾಷ್ಟ್ರದ ಸಾವಂತವಾಡಿ, ತೆಲಂಗಾಣದ ನಿರ್ಮಲ್ ಊರುಗಳೂ ಈ ಕಲೆಗೆ ಹೆಸರಾದವು.

ಬರೆಯುವ ಕ್ರಮ

1. ಕ್ರಿಟಾ ಅಥವಾ ಇಂಕ್‌ಸ್ಕೇಪ್ ತಂತ್ರಾಂಶ ಸಾಕು, ಎರಡೂ ಉಚಿತ. 3 ಇಂಚಿನ ಎಲೆಗೆ, ಇಂಚಿಗೆ 600 ಚುಕ್ಕಿಯಂತೆ, ಅಗಲ ಎತ್ತರ ತಲಾ 1800 ಪಿಕ್ಸೆಲ್ ಇಟ್ಟು ನಡುವೆ ವೃತ್ತ ಹಾಕಬೇಕು. ಕತ್ತರಿಸುವಾಗ ಚಿತ್ರ ಹೋಗದಂತೆ ಅಂಚಿನಿಂದ ಒಳಗೆ ಒಂದಿಷ್ಟು ಜಾಗ ಬಿಡಬೇಕು.

2. ಹಿನ್ನೆಲೆಗೆ ಒಂದೇ ಗಾಢ ಬಣ್ಣ. ಹಳೆಯ ಕಟ್ಟುಗಳಲ್ಲಿ ಪಂಗಡ ಗುರುತಿಸುವುದೇ ಹಿನ್ನೆಲೆಯ ಬಣ್ಣದಿಂದ. ನೆರಳು, ಹೊಳಪು ಬೇಡ. ಬಣ್ಣ ಸಪಾಟಾಗಿರಲಿ, ಗೆರೆ ಸ್ಪಷ್ಟವಾಗಿರಲಿ.

3. ವೀಣೆಯ ಒಂದೊಂದು ಭಾಗಕ್ಕೂ ಬೇರೆ ಪದರ ತೆರೆದು ಅದಕ್ಕೆ ಕನ್ನಡದಲ್ಲೇ ಹೆಸರು ಕೊಡಬೇಕು: ಕೊಡ, ದಂಡಿ, ಮೇಣ, ಮೆಟ್ಟಿಲು, ಕುದುರೆ, ಬಿರಡೆ, ತಂತಿ, ಬುರುಡೆ, ಯಾಳಿ.

4. ಮೆಟ್ಟಿಲು 24. ಒಂದನ್ನು ನಕಲು ಮಾಡಿ ಸಮ ಅಂತರದಲ್ಲಿ ಹಂಚುವ ಸೌಲಭ್ಯ ತಂತ್ರಾಂಶದಲ್ಲಿದೆ. ಇಲ್ಲಿ ಅದನ್ನು ಬಳಸಬಾರದು. ಕುದುರೆಯ ಕಡೆಗೆ ಹೋದಂತೆ ಅಂತರ ಕಿರಿದಾಗುತ್ತದೆ. 12ನೆಯ ಮೆಟ್ಟಿಲು ಮಿಡಿಯುವ ತಂತಿಯ ಸುಮಾರು ಅರ್ಧದಲ್ಲಿ, 24ನೆಯದು ಮುಕ್ಕಾಲಿನಲ್ಲಿ ಬರಬೇಕು.

5. ತಂತಿ 7. ಮೆಟ್ಟಿಲ ಮೇಲೆ ನಾಲ್ಕು: ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ಪಕ್ಕದಲ್ಲಿ ತಾಳದ ತಂತಿ ಮೂರು.

6. ನುಡಿಸುವವರನ್ನು ಎದುರಿನಿಂದ ಬರೆದರೆ ಕೊಡ ಅವರ ಬಲಕ್ಕೆ, ಅಂದರೆ ನೋಡುವವರ ಎಡಕ್ಕೆ ಇರಬೇಕು. ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದರೆ ಬಲಗೈಯವರು ಎಡಗೈಯವರಾಗಿಬಿಡುತ್ತಾರೆ.

7. ರಾಜನ ಎಲೆಗೆ ಮಾತ್ರ ಇಷ್ಟೂ ವಿವರ. ಅಂಕಿಯ ಎಲೆಗಳಿಗೆ ಕೊಡ, ದಂಡಿ, ಬುರುಡೆ ಕಂಡರೆ ಸಾಕು. ಆ ಚಿಕ್ಕ ಗುರುತನ್ನು ಒಮ್ಮೆ ಬರೆದು 1ರಿಂದ 10ರವರೆಗೆ ನಕಲು ಮಾಡಿ ಜೋಡಿಸಬಹುದು. ಆಡುವವರು ಕಣ್ಣು ಹಾಯಿಸಿದ ಕೂಡಲೇ ಗುರುತಿಸುವಂತಿರಬೇಕು. ಆಟದ ಎಲೆಯ ಲಕ್ಷಣ ಅದೇ.

ಪದರಗಳಿಗೆ ಕನ್ನಡ ಹೆಸರು ಏಕೆ

ನಮ್ಮ ಎಷ್ಟೋ ಮಕ್ಕಳು ಶಾಲೆಯಲ್ಲಿ ಮಲಯಾಳ, ತಮಿಳು, ಮರಾಠಿ, ತೆಲುಗು ಓದುತ್ತಾರೆ. ಮನೆಯಲ್ಲಿ ಕನ್ನಡ ಆಡಿದರೂ ಬರೆಯುವ ಸಂದರ್ಭ ಕಡಿಮೆ. ಬಿರಡೆ, ಕುದುರೆಗಳಂಥ ಮಾತುಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರೆ ನಿಲ್ಲುವುದಿಲ್ಲ. ಬಣ್ಣ ತಿದ್ದಲು ಹತ್ತು ಸಲ ಅದೇ ಪದರ ಹುಡುಕಬೇಕಾದಾಗ ಹೆಸರು ತಾನಾಗಿ ಕೈಗೆ ಹತ್ತುತ್ತದೆ. ಭಾಗದ ಹೆಸರು ಮರೆತಲ್ಲಿ ಆ ಭಾಗವೂ ಚಿತ್ರದಿಂದ ಜಾರಿಹೋಗುತ್ತದೆ.

ವೀಣೆ ಕೈಗೆ ಹತ್ತಿದ ಮೇಲೆ ಅವರವರ ಊರಿನ ವಾದ್ಯಕ್ಕೆ ಬರಬಹುದು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯವರು ಚೌಡಿಕೆಯನ್ನು, ತತ್ತ್ವಪದ ಹಾಡುವ ಊರಿನವರು ಏಕತಾರಿಯನ್ನು, ಕಾಸರಗೋಡಿನವರು ಯಕ್ಷಗಾನದ ಚೆಂಡೆ ಮದ್ದಳೆಗಳನ್ನು ಬರೆಯಲಿ. ಚಿತ್ರಕ್ಕೆ ಕೂರುವ ಮೊದಲು ನುಡಿಸುವ ಹಿರಿಯರ ಹತ್ತಿರ ಹೋಗಿ, ಯಾವ ಭಾಗಕ್ಕೆ ಏನನ್ನುತ್ತಾರೆಂದು ಕೇಳಿ ಬರೆದುಕೊಳ್ಳಬೇಕು. ಊರೂರಿಗೆ ಹೆಸರು ಬೇರೆಯಾದರೆ ಅವರು ಹೇಳಿದ್ದನ್ನೇ ಪದರಕ್ಕೆ ಇಡಿ.

ಪದರಗಳಿರುವ ಮೂಲ ಕಡತವನ್ನೂ ಮುದ್ರಣದ ಪ್ರತಿಯನ್ನೂ ಬೇರೆ ಬೇರೆಯಾಗಿ ಉಳಿಸಿ, ಎರಡನ್ನೂ ಸಂಘಕ್ಕೆ ಕಳುಹಿಸಿಕೊಡಿ. ಮುಂದಿನ ಆಮಂತ್ರಣ ಪತ್ರಿಕೆಗೆ ನಮ್ಮ ಮಕ್ಕಳ ಚಿತ್ರವನ್ನೇ ಬಳಸೋಣ.

ಕಾರ್ಯದರ್ಶಿ